ಲಾಗಿನ್ ಇಲ್ಲದೆ ಡೇಟಾಬೇಸ್‌ಗೆ ಕನ್ನ: ವರ್ಡ್‌ಪ್ರೆಸ್ ಪ್ಲಗಿನ್‌ಗಳನ್ನು ಕಾಯುವ ಬಗೆ

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ವೆಬ್‌ಸೈಟ್‌ನ ಲೇಖನಗಳು, ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳ ಹ್ಯಾಶ್ (ಮೂಲ ಪದ ಕಾಣದಂತೆ ಮಾರ್ಪಡಿಸಿದ ರೂಪ), ಗ್ರಾಹಕರ ವಿಳಾಸ, ಪ್ಲಗಿನ್‌ಗಳ ಸೆಟ್ಟಿಂಗ್ ಎಲ್ಲವೂ ಒಂದೇ ಡೇಟಾಬೇಸ್‌ನಲ್ಲಿ ಇರುತ್ತವೆ. ಯಾರಾದರೂ ಪುಟ ತೆರೆದಾಗ ವರ್ಡ್‌ಪ್ರೆಸ್ ಮತ್ತು ಅದರ ಪ್ಲಗಿನ್‌ಗಳು ಎಸ್‌ಕ್ಯೂಎಲ್ ಭಾಷೆಯಲ್ಲಿ ವಾಕ್ಯ ಕಟ್ಟಿ ಆ ಡೇಟಾಬೇಸ್‌ಗೆ ಕಳಿಸುತ್ತವೆ, ಬಂದ ಉತ್ತರವನ್ನು ಪುಟವಾಗಿ ತೋರಿಸುತ್ತವೆ. ಹೊರಗಿನವರು ಕೊಟ್ಟ ಅಕ್ಷರಗಳು ಆ ವಾಕ್ಯದೊಳಗೆ ಹಾಗೆಯೇ ಸೇರಿ, ಬರೀ ಮಾಹಿತಿಯಾಗಿ ಉಳಿಯದೆ ಆಜ್ಞೆಯಾಗಿಬಿಟ್ಟರೆ ಅದನ್ನು ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. 1998ರ ಡಿಸೆಂಬರ್‌ನಲ್ಲಿ ಫ್ರ್ಯಾಕ್ ಎಂಬ ಆನ್‌ಲೈನ್ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಜೆಫ್ ಫಾರಿಸ್ಟಾಲ್ ಈ ದೋಷವನ್ನು ವಿವರಿಸಿದ್ದರು. ಪರಿಹಾರವೂ ಬಹುಕಾಲದಿಂದ ಗೊತ್ತಿದೆ. ಆದರೂ ಇಂದಿಗೂ ಲಕ್ಷಾಂತರ ಸೈಟ್‌ಗಳಲ್ಲಿರುವ ಪ್ಲಗಿನ್‌ಗಳಲ್ಲಿ ಇದೇ ದೋಷ ಮತ್ತೆ ಮತ್ತೆ ಸಿಗುತ್ತಿದೆ.

ಒಂದು ಚಿಕ್ಕ ಉದಾಹರಣೆ ನೋಡಬಹುದು. ಕಾರ್ಯಕ್ರಮಗಳ ಪಟ್ಟಿ ತೋರಿಸುವ ಒಂದು ಪ್ಲಗಿನ್ ಇದೆ ಎಂದುಕೊಳ್ಳೋಣ. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ 'ಐಡಿ=12' ಎಂದು ಬಂದರೆ 12ನೇ ಕಾರ್ಯಕ್ರಮದ ವಿವರ ತೋರಿಸುವುದು ಅದರ ಕೆಲಸ. ಪ್ಲಗಿನ್ ಬರೆದವರು 'ಐಡಿ ಇದಕ್ಕೆ ಸಮವಾಗಿರುವ ಸಾಲನ್ನು ಕೊಡು' ಎಂಬ ಎಸ್‌ಕ್ಯೂಎಲ್ ವಾಕ್ಯದ ಕೊನೆಗೆ, ಬಂದದ್ದನ್ನು ಬಂದ ಹಾಗೆ ಅಂಟಿಸಿದ್ದಾರೆ. ಯಾರೋ 12ರ ಬದಲಿಗೆ '12 ಆರ್ 1=1' ಎಂದು ಕಳಿಸುತ್ತಾರೆ. ಈಗ ವಾಕ್ಯದ ಅರ್ಥ 'ಐಡಿ 12 ಆಗಿರಲಿ, ಅಥವಾ ಒಂದು ಒಂದಕ್ಕೆ ಸಮವಾಗಿರಲಿ' ಎಂದಾಯಿತು. ಒಂದು ಒಂದಕ್ಕೆ ಯಾವಾಗಲೂ ಸಮವೇ. ಹಾಗಾಗಿ ಇನ್ನೂ ಪ್ರಕಟವಾಗದ ಕಾರ್ಯಕ್ರಮಗಳೂ ಸೇರಿ ಇಡೀ ಪಟ್ಟಿ ಹೊರಬೀಳುತ್ತದೆ. 'ಆರ್' ಜಾಗದಲ್ಲಿ 'ಯೂನಿಯನ್' ಬಳಸಿದರೆ ಬೇರೆ ಕೋಷ್ಟಕದ ಸಾಲುಗಳನ್ನೂ, ಅಂದರೆ ಬಳಕೆದಾರರ ಇಮೇಲ್ ಮತ್ತು ಪಾಸ್‌ವರ್ಡ್ ಹ್ಯಾಶ್‌ಗಳನ್ನೂ, ಇದೇ ಪುಟದ ಮೂಲಕ ಎಳೆದುಕೊಳ್ಳಬಹುದು.

ಪುಟದಲ್ಲಿ ಏನೂ ಕಾಣದಿದ್ದರೂ ಕಳ್ಳತನ ನಿಲ್ಲುವುದಿಲ್ಲ. 'ಅಡ್ಮಿನ್ ಪಾಸ್‌ವರ್ಡ್ ಹ್ಯಾಶ್‌ನ ಮೊದಲ ಅಕ್ಷರ ಇದೇ ಆಗಿದ್ದರೆ ಐದು ಸೆಕೆಂಡ್ ಸುಮ್ಮನಿರು' ಎಂಬ ಪ್ರಶ್ನೆಯನ್ನು ಡೇಟಾಬೇಸ್‌ಗೆ ಕೇಳಿಸಬಹುದು. ಉತ್ತರ ಐದು ಸೆಕೆಂಡ್ ತಡವಾದರೆ ಹೌದು, ತಕ್ಷಣ ಬಂದರೆ ಅಲ್ಲ. ಹೀಗೆ ಅಕ್ಷರ ಅಕ್ಷರವಾಗಿ ಇಡೀ ಹ್ಯಾಶನ್ನು ಹೆಕ್ಕುವ ಬಗೆಗೆ ಕಾಲಾಧಾರಿತ ಕುರುಡು ಇಂಜೆಕ್ಷನ್ ಎಂದು ಹೆಸರು. ಕೈಯಿಂದ ಮಾಡಿದರೆ ಇದು ಬೇಸರದ ಕೆಲಸ, ಆದರೆ ಮಾಡುವುದು ಯಂತ್ರ. ಪ್ಲಗಿನ್‌ಗಳಲ್ಲಿ ಸಿಗುವ ಇಂಜೆಕ್ಷನ್ ದೋಷಗಳಲ್ಲಿ ಈ ಬಗೆಯವು ಬಹಳ.

ಎರಡು ತಪ್ಪುಗಳು ಕೂಡುವಲ್ಲಿ

ಲಾಗಿನ್ ಆದವರಿಗೆ ಮಾತ್ರ ಸಿಗುವ ದೋಷಕ್ಕೂ ಯಾರಿಗೆ ಬೇಕಾದರೂ ಸಿಗುವ ದೋಷಕ್ಕೂ ಅಜಗಜಾಂತರ. ಮೊದಲನೆಯದನ್ನು ಬಳಸಲು ಒಂದು ಖಾತೆಯಾದರೂ ಬೇಕು. ಎರಡನೆಯದಕ್ಕೆ ಸೈಟ್‌ನ ವಿಳಾಸ ಗೊತ್ತಿದ್ದರೆ ಸಾಕು, ಒಂದೇ ಸ್ಕ್ರಿಪ್ಟ್ ಸಾವಿರಾರು ಸೈಟ್‌ಗಳ ಕದ ತಟ್ಟಬಹುದು. ಅದಕ್ಕೇ ಇಂಥವಕ್ಕೆ ಅಪಾಯದ ಅಂಕ ಹತ್ತರಲ್ಲಿ 9.8ರವರೆಗೂ ಏರುತ್ತದೆ. ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ಇರುತ್ತವೆ: ಎಲ್ಲರಿಗೂ ತೆರೆದ ಬಾಗಿಲು ಒಂದು, ಬಂದದ್ದನ್ನೆಲ್ಲ ಸೇರಿಸಿಕೊಳ್ಳುವ ವಾಕ್ಯ ಇನ್ನೊಂದು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟರೆ ಕೆಲಸ ಮುಗಿದಂತಲ್ಲ.

ಬಾಗಿಲುಗಳು ಎಲ್ಲೆಲ್ಲಿವೆ ಎಂಬುದು ಪ್ಲಗಿನ್ ಬರೆದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ವರ್ಡ್‌ಪ್ರೆಸ್‌ನ ಏಜಾಕ್ಸ್ ವ್ಯವಸ್ಥೆಯಲ್ಲಿ, ಅಂದರೆ ಪುಟವನ್ನು ಮತ್ತೆ ತೆರೆಯದೆ ಸರ್ವರ್‌ನಿಂದ ಮಾಹಿತಿ ತರುವ ಏರ್ಪಾಟಿನಲ್ಲಿ, 'ನೋಪ್ರಿವ್' ಎಂಬ ಗುರುತಿರುವ ಹುಕ್ ಬಳಸಿದರೆ ಲಾಗಿನ್ ಆಗದವರೂ ಆ ಕೋಡನ್ನು ಓಡಿಸಬಹುದು. ಬೇರೆ ಪ್ರೋಗ್ರಾಂಗಳು ಸೈಟ್ ಜೊತೆ ಮಾಹಿತಿ ಹಂಚಿಕೊಳ್ಳುವ ರೆಸ್ಟ್ ಎಪಿಐ ದಾರಿಗಳಲ್ಲಿ ಅನುಮತಿ ಪರೀಕ್ಷಿಸುವ ಫಂಕ್ಷನ್ ಸದಾ 'ಹೌದು' ಎನ್ನುವಂತೆ ಬರೆದಿದ್ದರೆ ಅದೂ ತೆರೆದ ಬಾಗಿಲೇ. 2020ರ 5.5ನೇ ಆವೃತ್ತಿಯಿಂದ ಈ ಪರೀಕ್ಷೆಯನ್ನು ಬಿಟ್ಟರೆ ವರ್ಡ್‌ಪ್ರೆಸ್ ಎಚ್ಚರಿಸುತ್ತದೆ. ಆದರೆ ಆ ಎಚ್ಚರಿಕೆಯಿಂದ ಪಾರಾಗಲು 'ಹೌದು' ಎಂದು ಬರೆದುಬಿಡುವವರೂ ಇದ್ದಾರೆ. ಶಾರ್ಟ್‌ಕೋಡ್‌ಗಳು, ಕುಕೀಗಳು, ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಹೆಡರ್‌ಗಳು, ಸಂದರ್ಶಕರ ಐಪಿ ವಿಳಾಸ ಎಂದು ನಂಬಿಕೊಳ್ಳುವ 'ಫಾರ್ವರ್ಡೆಡ್ ಫಾರ್' ಹೆಡರ್, ಪ್ಲಗಿನ್ ಫೋಲ್ಡರ್‌ನಲ್ಲಿದ್ದು ನೇರವಾಗಿ ತೆರೆಯಬಹುದಾದ ಪಿಎಚ್‌ಪಿ ಕಡತಗಳು ಇವೆಲ್ಲವೂ ಹೊರಗಿನಿಂದ ಒಳಬರುವ ದಾರಿಗಳೇ.

ಡಬ್ಲ್ಯೂಪಿ ಸ್ಟ್ಯಾಟಿಸ್ಟಿಕ್ಸ್ ಪ್ಲಗಿನ್‌ನಲ್ಲಿ 2021ರಲ್ಲಿ ಸಿಕ್ಕ ದೋಷವನ್ನು ಹತ್ತಿರದಿಂದ ನೋಡಿದರೆ ಈ ಎರಡು ತಪ್ಪು ಹೇಗೆ ಕೂಡುತ್ತವೆ ಎಂಬುದು ಸ್ಪಷ್ಟವಾಗುತ್ತದೆ. ಸಂದರ್ಶಕರ ಲೆಕ್ಕ ಇಡುವ ಈ ಪ್ಲಗಿನ್ ಆಗ ಸುಮಾರು 6 ಲಕ್ಷ ಸೈಟ್‌ಗಳಲ್ಲಿ ಇತ್ತು. ಪುಟಗಳ ಅಂಕಿಅಂಶ ತೋರಿಸುವ ಪರದೆ ಅಡ್ಮಿನ್‌ಗಳಿಗೆ ಮಾತ್ರ ಮೀಸಲಾಗಿತ್ತು, ಬೇರೆಯವರಿಗೆ ಅದು ಕಾಣುತ್ತಲೂ ಇರಲಿಲ್ಲ. ಆದರೆ ಡೇಟಾಬೇಸನ್ನು ಕೇಳುವ ಕೋಡ್ ಇದ್ದದ್ದು ಆ ಪರದೆಯ ಕನ್‌ಸ್ಟ್ರಕ್ಟರ್‌ನಲ್ಲಿ, ಅಂದರೆ ಪರದೆ ಸಿದ್ಧವಾಗುವ ಮೊದಲೇ ಓಡುವ ಭಾಗದಲ್ಲಿ. ಹಾಗಾಗಿ ಲಾಗಿನ್ ಆಗದವರು ಆ ಪುಟವನ್ನು ಕೇಳಿದರೆ ಪರದೆ ಕಾಣದಿದ್ದರೂ ಪ್ರಶ್ನೆ ಮಾತ್ರ ಡೇಟಾಬೇಸ್ ಮುಟ್ಟುತ್ತಿತ್ತು. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಬಂದ ಐಡಿಯನ್ನು 'ಎಸ್ಕೇಪ್ ಎಸ್‌ಕ್ಯೂಎಲ್' ಎಂಬ ಫಂಕ್ಷನ್ ಮೂಲಕ ಹಾಯಿಸಿದ್ದರು. ಆ ಫಂಕ್ಷನ್ ಮಾಡುವುದು ಉದ್ಧರಣ ಚಿಹ್ನೆಗಳ ಮುಂದೆ ಓರೆಗೆರೆ ಹಾಕುವ ಕೆಲಸ. ಬೆಲೆಯನ್ನು, ಅಂದರೆ ಹೊರಗಿನಿಂದ ಬಂದ ಮಾಹಿತಿಯನ್ನು, ಉದ್ಧರಣ ಚಿಹ್ನೆಗಳ ನಡುವೆ ಇಟ್ಟಾಗ ಮಾತ್ರ ಅದಕ್ಕೆ ಅರ್ಥ. ಇಲ್ಲಿ ಐಡಿ ಸಂಖ್ಯೆಯಾದ್ದರಿಂದ ಸುತ್ತ ಉದ್ಧರಣ ಚಿಹ್ನೆ ಇರಲಿಲ್ಲ. ಮುರಿದುಕೊಂಡು ಹೊರಬರಲು ಗೋಡೆಯೇ ಇರಲಿಲ್ಲ. ಬರೆದವರು ಸುರಕ್ಷೆಯನ್ನು ಮರೆತಿರಲಿಲ್ಲ, ಆದರೆ ಹಾಕಿದ ಬೀಗ ಆ ಬಾಗಿಲಿನದಾಗಿರಲಿಲ್ಲ. 13.0.8ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು.

2024ರ ಮಾರ್ಚ್‌ನಲ್ಲಿ ಲೇಯರ್‌ಸ್ಲೈಡರ್ ಎಂಬ ಪ್ಲಗಿನ್‌ನಲ್ಲೂ ಇಂಥದ್ದೇ ದೋಷ ಸಿಕ್ಕಿತು. ಪಾಪ್‌ಅಪ್ ತೋರಿಸಲು ಬರುವ ಐಡಿ ಸಂಖ್ಯೆಯಾಗಿದ್ದರೆ ಸರಿ, ಸಂಖ್ಯೆಯಲ್ಲದಿದ್ದರೆ ಯಾವ ಶುದ್ಧಿಯೂ ಇಲ್ಲದೆ ಮುಂದೆ ಹೋಗುತ್ತಿತ್ತು. ತಯಾರಕರಿಗೆ ಸುದ್ದಿ ಮುಟ್ಟಿದ ಎರಡೇ ದಿನಕ್ಕೆ 7.10.1ನೇ ಆವೃತ್ತಿ ಹೊರಬಂತು, ಅದು ಮೆಚ್ಚಬೇಕಾದ ಮಾತು. ಅದೇ ಹೊತ್ತಿಗೆ ಬಯಲಾದ ಡಬ್ಲ್ಯೂಪಿ ಆಟೊಮ್ಯಾಟಿಕ್ ಪ್ಲಗಿನ್‌ನ ಪ್ರಕರಣದ ಪರಿಣಾಮ ಹೆಚ್ಚು ಕೆಟ್ಟದಾಯಿತು. ಅದರ ಒಂದು ಕಡತದಲ್ಲಿದ್ದ ಲಾಗಿನ್ ಪರೀಕ್ಷೆಯನ್ನು ಸುಲಭವಾಗಿ ತಪ್ಪಿಸಬಹುದಾಗಿತ್ತು. ತಪ್ಪಿಸಿದವರು ತಮಗೆ ಬೇಕಾದ ಎಸ್‌ಕ್ಯೂಎಲ್ ವಾಕ್ಯವನ್ನು ಪೂರ್ತಿಯಾಗಿ ಓಡಿಸಬಹುದಿತ್ತು. ದಾಳಿಕೋರರು ಹೊಸ ಅಡ್ಮಿನ್ ಖಾತೆ ತೆರೆದು, ಆಮೇಲೆ ದೋಷವಿದ್ದ ಕಡತದ ಹೆಸರನ್ನೇ ಬದಲಾಯಿಸಿದರು. ಬೇರೆ ದಾಳಿಕೋರರು ಬರಬಾರದು, ಸೈಟ್‌ನವರಿಗೂ ಸುಳಿವು ಸಿಗಬಾರದು ಎಂಬುದು ಅದರ ಉದ್ದೇಶ. ಡಬ್ಲ್ಯೂಪಿಸ್ಕ್ಯಾನ್ ಎಂಬ ವರ್ಡ್‌ಪ್ರೆಸ್ ಭದ್ರತಾ ಸಂಸ್ಥೆ ಕೆಲವೇ ವಾರಗಳಲ್ಲಿ 55 ಲಕ್ಷಕ್ಕೂ ಹೆಚ್ಚು ದಾಳಿ ಯತ್ನಗಳನ್ನು ದಾಖಲಿಸಿತು.

ಪ್ಲಗಿನ್ ಬರೆಯುವವರು ಮಾಡಬೇಕಾದ್ದು

ವಾಕ್ಯವನ್ನೂ ಬೆಲೆಯನ್ನೂ ಬೇರೆಬೇರೆಯಾಗಿ ಇಡಬೇಕು ಎಂಬುದೇ ಮೂಲ ನಿಯಮ. ವರ್ಡ್‌ಪ್ರೆಸ್‌ನ ಡೇಟಾಬೇಸ್ ಆಬ್ಜೆಕ್ಟ್‌ನಲ್ಲಿ ಅದಕ್ಕೆಂದೇ 'ಪ್ರಿಪೇರ್' ಎಂಬ ಮೆಥಡ್ ಇದೆ. ವಾಕ್ಯದಲ್ಲಿ ಬೆಲೆ ಬರಬೇಕಾದ ಜಾಗದಲ್ಲಿ ಶೇಕಡಾ ಚಿಹ್ನೆಯ ಜೊತೆ ಒಂದು ಅಕ್ಷರ ಇಡುತ್ತಾರೆ: ಪಠ್ಯಕ್ಕೆ 'ಎಸ್', ಪೂರ್ಣಾಂಕಕ್ಕೆ 'ಡಿ', ದಶಮಾಂಶಕ್ಕೆ 'ಎಫ್'. ನಿಜವಾದ ಬೆಲೆಯನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಮೇಲಿನ ಉದಾಹರಣೆಯಲ್ಲಿ 'ಡಿ' ಇಟ್ಟಿದ್ದರೆ '12 ಆರ್ 1=1' ಎಂಬುದು ಬರೀ 12 ಆಗಿ ಉಳಿಯುತ್ತಿತ್ತು. ಪಠ್ಯದ ಸುತ್ತ ಉದ್ಧರಣ ಚಿಹ್ನೆಯನ್ನು ಪ್ರಿಪೇರ್ ತಾನೇ ಹಾಕುತ್ತದೆ, ಬರೆಯುವವರು ಹಾಕಬಾರದು.

ಪ್ರಿಪೇರ್ ಕರೆದ ಮಾತ್ರಕ್ಕೆ ರಕ್ಷಣೆ ಸಿಗದು. ಅತಿ ಸಾಮಾನ್ಯವಾದ ತಪ್ಪು ಎಂದರೆ ಬೆಲೆಯನ್ನು ಮೊದಲೇ ವಾಕ್ಯದೊಳಗೆ ಸೇರಿಸಿ, ಆ ವಾಕ್ಯವನ್ನು ಪ್ರಿಪೇರ್‌ಗೆ ಕೊಡುವುದು. ಆಗ ಬೇರ್ಪಡಿಸಲು ಏನೂ ಉಳಿದಿರುವುದಿಲ್ಲ. ಕೋಡ್ ಪರಿಶೀಲಿಸುವವರ ಕಣ್ಣಿಗೆ ಪ್ರಿಪೇರ್ ಎಂಬ ಹೆಸರು ಬಿದ್ದು ಸಮಾಧಾನವಾಗುತ್ತದೆ ಎಂಬುದರಿಂದ ಇದು ಇನ್ನಷ್ಟು ಅಪಾಯಕಾರಿ. ಎರಡನೆಯ ತಪ್ಪು, ಪಠ್ಯ ಶುದ್ಧಿ ಮಾಡುವ ಸಾಮಾನ್ಯ ಫಂಕ್ಷನ್‌ಗಳನ್ನು ಎಸ್‌ಕ್ಯೂಎಲ್ ರಕ್ಷಣೆ ಎಂದು ನಂಬುವುದು. 'ಸ್ಯಾನಿಟೈಸ್ ಟೆಕ್ಸ್ಟ್ ಫೀಲ್ಡ್' ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ತೆಗೆಯುತ್ತದೆ, ಉದ್ಧರಣ ಚಿಹ್ನೆಗಳನ್ನು ಮುಟ್ಟುವುದಿಲ್ಲ.

ವಿಂಗಡಿಸುವ ಭಾಗ, ಅಂದರೆ 'ಆರ್ಡರ್ ಬೈ', ಪ್ಲಗಿನ್‌ಗಳ ದೊಡ್ಡ ಕುತ್ತು. ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂಬುದನ್ನು ಬಳಕೆದಾರರು ಆರಿಸುತ್ತಾರೆ. ಕಾಲಂ ಹೆಸರನ್ನು ಪಠ್ಯದಂತೆ ಉದ್ಧರಣ ಚಿಹ್ನೆಯಲ್ಲಿ ಇಟ್ಟರೆ ವಿಂಗಡಣೆಯೇ ಆಗುವುದಿಲ್ಲ. ಹಾಗಾಗಿ ಎಷ್ಟೋ ಮಂದಿ ಪ್ರಿಪೇರ್ ಕೈಬಿಟ್ಟು ನೇರವಾಗಿ ಅಂಟಿಸುತ್ತಾರೆ. 2024ರ ಫೆಬ್ರುವರಿಯಲ್ಲಿ 2 ಲಕ್ಷ ಸೈಟ್‌ಗಳಲ್ಲಿದ್ದ ಅಲ್ಟಿಮೇಟ್ ಮೆಂಬರ್ ಪ್ಲಗಿನ್‌ನ ದೋಷ ಬಯಲಾದಾಗ ಅದು ಸಿಕ್ಕಿದ್ದೂ ವಿಂಗಡಣೆಯ ಪ್ಯಾರಾಮೀಟರ್‌ನಲ್ಲೇ, 2.8.3ರಲ್ಲಿ ಸರಿಯಾಯಿತು. ಇದಕ್ಕೆ ಸರಿಯಾದ ದಾರಿ ಅನುಮತಿಸಿದ ಹೆಸರುಗಳ ಪಟ್ಟಿ ಇಟ್ಟುಕೊಳ್ಳುವುದು. 'ದಿನಾಂಕ', 'ಶೀರ್ಷಿಕೆ', 'ಬೆಲೆ' ಈ ಮೂರೇ ಸಾಧ್ಯವಿದ್ದರೆ, ಬಂದದ್ದು ಆ ಮೂರರಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಮೊದಲನೆಯದನ್ನೇ ಬಳಸಬೇಕು. ಏರಿಕೆ, ಇಳಿಕೆ ಎಂಬ ಆಯ್ಕೆಗೂ ಇದೇ ಮಾತು. 2023ರ 6.2ನೇ ಆವೃತ್ತಿಯಿಂದ ಕೋಷ್ಟಕ ಮತ್ತು ಕಾಲಂ ಹೆಸರುಗಳಿಗೆ ಪ್ರಿಪೇರ್‌ನಲ್ಲಿ 'ಐ' ಎಂಬ ಗುರುತು ಬಂದಿದೆ, ಆದರೂ ಪಟ್ಟಿ ಇಡುವುದೇ ಮೇಲು. 'ಐ' ಗುರುತು ವಾಕ್ಯ ಮುರಿಯದಂತೆ ಕಾಯುತ್ತದೆಯೇ ಹೊರತು ಯಾವ ಕಾಲಂ ಕೇಳಬಹುದು ಎಂಬುದನ್ನು ಹೇಳುವುದಿಲ್ಲ.

ಹುಡುಕಾಟದಲ್ಲಿ ಬಳಸುವ 'ಲೈಕ್' ವಾಕ್ಯಕ್ಕೆ ಇನ್ನೊಂದು ಹೆಜ್ಜೆ ಬೇಕು. ಮೊದಲು 'ಎಸ್ಕೇಪ್ ಲೈಕ್' ಫಂಕ್ಷನ್, ಆಮೇಲೆ ಶೇಕಡಾ ಚಿಹ್ನೆ ಸೇರಿಸಿ ಪ್ರಿಪೇರ್. ಹಲವು ಐಡಿಗಳ ಪಟ್ಟಿ ಬಂದಾಗ ಎಷ್ಟು ಐಡಿಗಳಿವೆಯೋ ಅಷ್ಟು 'ಡಿ' ಗುರುತುಗಳನ್ನು ಕೋಡ್ ತಾನೇ ಎಣಿಸಿ ಇಡಬೇಕು.

ಇಲ್ಲಿ ಕನ್ನಡದ ಸೈಟ್‌ಗಳಿಗೆ ನೇರವಾಗಿ ತಟ್ಟುವ ಒಂದು ಮಾತಿದೆ. ಅಪಾಯದ ಅಕ್ಷರಗಳನ್ನು ಕಿತ್ತುಹಾಕಿದರೆ ಸಾಕು ಎಂದು ಇಂಗ್ಲಿಷ್ ವರ್ಣಮಾಲೆ, ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವ ಪ್ಲಗಿನ್‌ಗಳಿವೆ. 'ಸ್ಯಾನಿಟೈಸ್ ಕೀ' ಫಂಕ್ಷನ್ ಮಾಡುವುದೂ ಅದನ್ನೇ. ಅದನ್ನು ಹುಡುಕಾಟದ ಪೆಟ್ಟಿಗೆಗೆ ಹಾಕಿದರೆ 'ಕುವೆಂಪು' ಎಂದು ಟೈಪಿಸಿದವರಿಗೆ ಖಾಲಿ ಉತ್ತರ ಬರುತ್ತದೆ, ಏಕೆಂದರೆ ಕನ್ನಡದ ಒಂದು ಅಕ್ಷರವೂ ಉಳಿದಿರುವುದಿಲ್ಲ. ಅದನ್ನು ಕಂಡ ಸೈಟ್‌ನವರು ಆ ಶುದ್ಧಿಯನ್ನೇ ತೆಗೆಸುತ್ತಾರೆ, ರಕ್ಷಣೆ ಅಲ್ಲಿಗೆ ಮುಗಿಯುತ್ತದೆ. ಪುಸ್ತಕದ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿಟ್ಟು ಹುಡುಕುವುದು ಕನ್ನಡ ಓದುಗರಿಗೆ ಸಹಜ. ಚಿಹ್ನೆಗಳನ್ನು ನಿಷೇಧಿಸುವ ದಾರಿ ಅವರನ್ನೂ ದಾಳಿಕೋರರಂತೆ ಕಾಣುತ್ತದೆ. ಪ್ರಿಪೇರ್ ಬಳಸಿದರೆ ಯಾವ ಅಕ್ಷರವನ್ನೂ ಕೀಳಬೇಕಿಲ್ಲ. ಕನ್ನಡವೂ ಉಳಿಯುತ್ತದೆ, ಉದ್ಧರಣ ಚಿಹ್ನೆಯೂ ಬರೀ ಚಿಹ್ನೆಯಾಗಿಯೇ ಉಳಿಯುತ್ತದೆ.

ವರ್ಡ್‌ಪ್ರೆಸ್ ಹೊರಗಿನಿಂದ ಬಂದ ಗೆಟ್, ಪೋಸ್ಟ್, ಕುಕೀ ಬೆಲೆಗಳಿಗೆ ತಾನಾಗಿಯೇ ಓರೆಗೆರೆ ಸೇರಿಸುತ್ತದೆ. ಹಳೆಯ ಕಾಲದಿಂದ ಬಂದ ಈ ಅಭ್ಯಾಸ ಎಷ್ಟೋ ದೋಷಗಳನ್ನು ಆಕಸ್ಮಿಕವಾಗಿ ಮುಚ್ಚಿದೆ, ಎಷ್ಟೋ ಡೆವಲಪರ್‌ಗಳಿಗೆ ಸುಳ್ಳು ಧೈರ್ಯವನ್ನೂ ಕೊಟ್ಟಿದೆ. ಸಂಖ್ಯೆಯ ಜಾಗದಲ್ಲಿ ಅದು ಉಪಯೋಗಕ್ಕೆ ಬಾರದು. ರೆಸ್ಟ್ ಎಪಿಐ ಮೂಲಕ ಬಂದ ಬೆಲೆಗಳಲ್ಲಿ, ಜೇಸನ್ ರೂಪದಲ್ಲಿ ಬಂದ ಮಾಹಿತಿಯಲ್ಲಿ ಆ ಓರೆಗೆರೆ ಇರುವುದಿಲ್ಲ. ಹಳೆಯ ಏಜಾಕ್ಸ್ ಕೋಡನ್ನು ರೆಸ್ಟ್‌ಗೆ ಬದಲಾಯಿಸುವಾಗ, ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ದೋಷ ಹೀಗೆ ತೆರೆದುಕೊಳ್ಳುತ್ತದೆ.

ಇನ್ನು ಬಾಗಿಲಿನ ಮಾತು. ಪ್ರತಿ ಏಜಾಕ್ಸ್ ಹುಕ್, ಪ್ರತಿ ರೆಸ್ಟ್ ದಾರಿಯ ಮುಂದೆ 'ಇದನ್ನು ಲಾಗಿನ್ ಆಗದವರು ಕೇಳಲೇಬೇಕೇ' ಎಂಬ ಪ್ರಶ್ನೆ ಇರಬೇಕು. ಬೇಡವಾದರೆ ಬಳಕೆದಾರರ ಅಧಿಕಾರ ಪರೀಕ್ಷಿಸುವ ಫಂಕ್ಷನ್ ಮೊದಲ ಸಾಲಿನಲ್ಲೇ ಬರಬೇಕು, ಡೇಟಾಬೇಸ್ ಮುಟ್ಟಿದ ಮೇಲಲ್ಲ. ನಾನ್ಸ್, ಅಂದರೆ ಮನವಿಯ ಜೊತೆ ಬರುವ ತಾತ್ಕಾಲಿಕ ಸಂಕೇತ; ಅದರ ಪರೀಕ್ಷೆಯನ್ನು ಅಧಿಕಾರದ ಪರೀಕ್ಷೆ ಎಂದು ತಿಳಿಯುವವರು ಬಹಳ. ನಾನ್ಸ್ ಇರುವುದು ಬೇರೆ ಸೈಟ್‌ನಿಂದ ಕದ್ದು ಕಳಿಸುವ ಮನವಿಗಳನ್ನು ತಡೆಯಲು. ಸಾರ್ವಜನಿಕ ಪುಟದ ಸೋರ್ಸ್‌ನಲ್ಲಿ ಅಚ್ಚಾದ ನಾನ್ಸನ್ನು ಯಾರು ಬೇಕಾದರೂ ಓದಿ ಬಳಸಬಹುದು. ಬಿಡುಗಡೆಗೆ ಮೊದಲು ವರ್ಡ್‌ಪ್ರೆಸ್ ಕೋಡಿಂಗ್ ಸ್ಟ್ಯಾಂಡರ್ಡ್ಸ್‌ನ ಎಸ್‌ಕ್ಯೂಎಲ್ ನಿಯಮಗಳನ್ನೂ ಪ್ಲಗಿನ್ ಚೆಕ್ ಉಪಕರಣವನ್ನೂ ಓಡಿಸಿದರೆ ಅಂಟಿಸಿದ ವಾಕ್ಯಗಳಲ್ಲಿ ಬಹುಪಾಲು ಸಿಕ್ಕಿಬೀಳುತ್ತವೆ. ದಾಳಿಯ ಉಪಕರಣಗಳಿಂದ ಪರೀಕ್ಷಿಸುವುದಿದ್ದರೆ ಅದು ಸ್ವಂತ ಪರೀಕ್ಷಾ ಸೈಟ್‌ನ ಮೇಲೆ ಮಾತ್ರ. ಬೇರೆಯವರ ಸೈಟ್ ಮೇಲೆ ಅನುಮತಿಯಿಲ್ಲದೆ ಓಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಅಡಿ ನಷ್ಟಪರಿಹಾರ ಕೊಡಬೇಕಾಗಬಹುದು, ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶವಿದ್ದರೆ 66ನೇ ಕಲಮಿನ ಅಡಿ ಅಪರಾಧ.

ಸೈಟ್ ನಡೆಸುವವರು ಮಾಡಬೇಕಾದ್ದು

ಕೋಡ್ ಗೊತ್ತಿಲ್ಲದ, ಪತ್ರಿಕೆಯೋ ಶಾಲೆಯೋ ಅಂಗಡಿಯೋ ನಡೆಸುವವರ ಕೈಯಲ್ಲಿ ಇರುವುದು ಮುಖ್ಯವಾಗಿ ಸಮಯ. ದೋಷದ ಸುದ್ದಿ ಹೊರಬಿದ್ದ ಮೇಲೆ ದಾಳಿ ಶುರುವಾಗಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ, ವರ್ಡ್‌ಪ್ರೆಸ್‌ನಂತೆಯೇ ವೆಬ್‌ಸೈಟ್ ಕಟ್ಟಲು ಬಳಸುವ ಡ್ರೂಪಲ್‌ನ 2014ರ ಪ್ರಕರಣ ಅಳತೆಗೋಲು. ಅಕ್ಟೋಬರ್ 15ರಂದು ಡ್ರೂಪಲ್ 7ರ ಇಂಜೆಕ್ಷನ್ ದೋಷಕ್ಕೆ 7.32ನೇ ಆವೃತ್ತಿ ಬಂತು. ಪ್ರಕಟಣೆಯಾದ 7 ಗಂಟೆಯೊಳಗೆ ಅಪ್‌ಡೇಟ್ ಮಾಡದ ಪ್ರತಿ ಸೈಟೂ ದಾಳಿಗೆ ಒಳಗಾಗಿದೆ ಎಂದೇ ತಿಳಿಯಬೇಕು ಎಂದು ಅದೇ ತಿಂಗಳ 29ರಂದು ಡ್ರೂಪಲ್ ಭದ್ರತಾ ತಂಡ ಹೇಳಿತು. ಬಿಡುವಾದಾಗ ಅಪ್‌ಡೇಟ್ ಮಾಡೋಣ ಎಂಬ ಲೆಕ್ಕ ಇಲ್ಲಿ ನಡೆಯದು. 2020ರ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನ ಪ್ಲಗಿನ್ ಪಟ್ಟಿಯಲ್ಲೇ ಸ್ವಯಂಚಾಲಿತ ಅಪ್‌ಡೇಟ್‌ನ ಆಯ್ಕೆ ಇದೆ. ಅದನ್ನು ಚಾಲೂ ಮಾಡಿ, ಜೊತೆಗೆ ದಿನವೂ ಬ್ಯಾಕಪ್ ಇಟ್ಟುಕೊಂಡರೆ, ಅಪ್‌ಡೇಟ್‌ನಿಂದ ಎಲ್ಲೋ ಒಮ್ಮೆ ಸೈಟ್ ಕೆಟ್ಟರೂ ಹಿಂದಿನ ಸ್ಥಿತಿಗೆ ತರಬಹುದು. ಹಣ ಕೊಟ್ಟು ಕೊಂಡ ಪ್ಲಗಿನ್‌ಗಳು, ಥೀಮ್ ಜೊತೆ ಕಟ್ಟಿಬಂದ ಪ್ಲಗಿನ್‌ಗಳು ಈ ಪಟ್ಟಿಯ ಮೂಲಕ ತಾವಾಗಿ ಅಪ್‌ಡೇಟ್ ಆಗದೆ ಇರಬಹುದು, ಅವುಗಳ ಮೇಲೆ ಬೇರೆಯೇ ಕಣ್ಣಿಡಬೇಕು.

ಬಳಸದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿ ಬಿಡದೆ ಅಳಿಸಿಯೇ ಬಿಡುವುದು ಒಳ್ಳೆಯದು. ನಿಷ್ಕ್ರಿಯ ಪ್ಲಗಿನ್‌ನ ಕಡತಗಳು ಸರ್ವರ್‌ನಲ್ಲೇ ಇರುತ್ತವೆ, ನೇರವಾಗಿ ತೆರೆಯಬಹುದಾದ ಕಡತವಿದ್ದರೆ ಅದು ಆಗಲೂ ಓಡಬಹುದು. ವರ್ಡ್‌ಪ್ರೆಸ್ ಸಂಗ್ರಹದಲ್ಲಿ 'ಮುಚ್ಚಲಾಗಿದೆ' ಎಂದು ಕಾಣುವ ಪ್ಲಗಿನ್‌ಗೆ ಬದಲಿಯನ್ನು ಅಂದೇ ಹುಡುಕಬೇಕು.

ವೆಬ್ ಫೈರ್‌ವಾಲ್ ಒಂದು ಹೆಚ್ಚಿನ ಬೇಲಿ. ದುರಸ್ತಿ ಬರುವ ಮುನ್ನ ಅಥವಾ ಹಾಕಿಕೊಳ್ಳುವ ಮುನ್ನ ಪರಿಚಿತ ದಾಳಿಗಳನ್ನು ಅದು ತಡೆಯುತ್ತದೆ. ವಾಕ್ಯವನ್ನು ಬೇರೆ ರೂಪದಲ್ಲಿ ಬರೆದು ಅದನ್ನು ದಾಟುವ ದಾರಿಗಳೂ ಇವೆಯಾದ್ದರಿಂದ, ಅದಿದೆ ಎಂದು ಅಪ್‌ಡೇಟ್ ಮುಂದೂಡುವಂತಿಲ್ಲ. ಕೋಷ್ಟಕಗಳ ಹೆಸರಿನ ಮುಂದಿನ ಪೂರ್ವಪದ ಬದಲಾಯಿಸಿದರೆ ಸಾಕು ಎಂಬ ಹಳೆಯ ಸಲಹೆಗೆ ಹೆಚ್ಚು ಬೆಲೆಯಿಲ್ಲ. ಇಂಜೆಕ್ಷನ್ ಸಿಕ್ಕಿದವರು ಕೋಷ್ಟಕಗಳ ಹೆಸರನ್ನು ಡೇಟಾಬೇಸನ್ನೇ ಕೇಳಿ ತಿಳಿಯಬಹುದು. ಅದಕ್ಕಿಂತ ಒಂದೇ ಹೋಸ್ಟಿಂಗ್‌ನಲ್ಲಿರುವ ಪ್ರತಿ ಸೈಟ್‌ಗೂ ಬೇರೆ ಡೇಟಾಬೇಸ್ ಬಳಕೆದಾರ, ಆ ಬಳಕೆದಾರನಿಗೆ ಸರ್ವರ್‌ನ ಕಡತಗಳನ್ನು ಓದುವ ಬರೆಯುವ ಹಕ್ಕು ಇಲ್ಲದಂತೆ ನೋಡಿಕೊಳ್ಳುವುದು ಹೆಚ್ಚು ಫಲಕಾರಿ. ಆಗ ಒಂದು ಸೈಟ್ ಬಿದ್ದರೂ ಪಕ್ಕದ್ದು ಉಳಿಯುತ್ತದೆ.

ದಾಳಿಯ ಕುರುಹುಗಳು ಲಾಗ್‌ಗಳಲ್ಲಿ ಸಿಗುತ್ತವೆ. ಒಂದೇ ವಿಳಾಸಕ್ಕೆ ಸಣ್ಣ ಸಣ್ಣ ವ್ಯತ್ಯಾಸದ ನೂರಾರು ಮನವಿಗಳು, ಅವುಗಳಲ್ಲಿ 'ಸ್ಲೀಪ್', 'ಯೂನಿಯನ್', 'ಇನ್‌ಫರ್ಮೇಶನ್ ಸ್ಕೀಮಾ' ಎಂಬ ಪದಗಳು ಕಂಡರೆ ಅದು ಯಂತ್ರದ ಕೆಲಸ. ಪೋಸ್ಟ್ ಮನವಿಯ ಒಡಲು ಸಾಮಾನ್ಯ ಲಾಗ್‌ನಲ್ಲಿ ಕಾಣದು. ಅಂಥಲ್ಲಿ ಮೈಎಸ್‌ಕ್ಯೂಎಲ್‌ನ ನಿಧಾನ ಕ್ವೆರಿಗಳ ಲಾಗ್ ನೆರವಿಗೆ ಬರುತ್ತದೆ. ಅದರ ಮಿತಿ ಮೊದಲೇ 10 ಸೆಕೆಂಡ್ ಇರುವುದರಿಂದ ಎರಡು ಮೂರು ಸೆಕೆಂಡ್‌ಗೆ ಇಳಿಸಿಕೊಳ್ಳಬೇಕು.

ಕನ್ನ ಬಿದ್ದದ್ದು ಖಚಿತವಾದರೆ ಮೊದಲು ಸೈಟನ್ನು ಸಾರ್ವಜನಿಕರಿಂದ ಮರೆಮಾಡಿ, ಲಾಗ್ ಮತ್ತು ಡೇಟಾಬೇಸ್‌ನ ಪ್ರತಿಯನ್ನು ತೆಗೆದಿಡಬೇಕು. ಬ್ಯಾಕಪ್ ಹಾಕಿ ಸುಮ್ಮನಾದರೆ ದೋಷವಿರುವ ಪ್ಲಗಿನ್ ಕೂಡ ಮರಳಿ ಬರುತ್ತದೆ, ಮಾರನೆಯ ದಿನ ಅದೇ ದಾರಿಯಲ್ಲಿ ದಾಳಿಕೋರರೂ ಬರುತ್ತಾರೆ. ಪ್ಲಗಿನ್ ಅಪ್‌ಡೇಟ್ ಮಾಡಿ, ಗುರುತಿಲ್ಲದ ಅಡ್ಮಿನ್ ಖಾತೆಗಳನ್ನು ಬಳಕೆದಾರರ ಕೋಷ್ಟಕದಲ್ಲೇ ಹುಡುಕಿ ಅಳಿಸಬೇಕು. ಎಲ್ಲ ಪಾಸ್‌ವರ್ಡ್‌ಗಳು, ಡೇಟಾಬೇಸ್ ಪಾಸ್‌ವರ್ಡ್, ಕಾನ್ಫಿಗ್ ಕಡತದಲ್ಲಿರುವ ಸಾಲ್ಟ್ ಎಂಬ ರಹಸ್ಯ ಅಕ್ಷರಸಾಲುಗಳು ಬದಲಾಗಬೇಕು. ಸಾಲ್ಟ್ ಬದಲಾದರೆ ಆವರೆಗೆ ಲಾಗಿನ್ ಆಗಿದ್ದವರೆಲ್ಲ ಹೊರಬೀಳುತ್ತಾರೆ. ಬಹುಮಂದಿ ಮರೆಯುವುದು ಪಾವತಿ ಸೇವೆ, ಎಸ್‌ಎಂಎಸ್, ಇಮೇಲ್ ಸೇವೆಗಳ ಕೀಗಳನ್ನು. ಅವು ಸೆಟ್ಟಿಂಗ್ ಕೋಷ್ಟಕದಲ್ಲಿ ಹ್ಯಾಶ್ ಆಗದೆ ಹಾಗೆಯೇ ಇರುವುದುಂಟು. ಹ್ಯಾಶನ್ನು ಒಡೆಯಲು ಶ್ರಮ ಬೇಕು, 2025ರ 6.8ನೇ ಆವೃತ್ತಿಯಲ್ಲಿ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನ ಬಂದ ಮೇಲೆ ಇನ್ನೂ ಹೆಚ್ಚು. ಕೀಗೆ ಯಾವ ಶ್ರಮವೂ ಬೇಡ.

ಭಾರತದಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸೇವಾದಾರರು, ಸರ್ಕಾರಿ ಸಂಸ್ಥೆಗಳು ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಅಗ್ಗದ ಹೋಸ್ಟಿಂಗ್‌ಗಳಲ್ಲಿ ಲಾಗ್ ಕೆಲವೇ ದಿನಗಳಿಗೆ ಅಳಿಸಿಹೋಗುವುದುಂಟು. ತಮ್ಮ ಸೈಟ್‌ನ ಲಾಗ್ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಸೈಟ್ ನಡೆಸುವವರು ಹೋಸ್ಟಿಂಗ್‌ನವರನ್ನು ಇಂದೇ ಕೇಳಿ ತಿಳಿದುಕೊಳ್ಳಬೇಕು.